ನಾಲ್ಕು ಬ್ಲಾಗ್, ಒಂದು ವರ್ಡ್‌ಪ್ರೆಸ್: ವರ್ಷ ಬಳಸಿದ ಮೇಲೆ ಬರೆದ ರಿವ್ಯೂ

ಬ್ಲಾಗು, ವೆಬ್‌ಸೈಟು ನಡೆಸೋಕೆ ಬಳಸುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಚೆನ್ನಾಗಿದೆಯಾ ಅಂತ ಕೇಳಿದರೆ ಕಣ್ಣು ಮುಚ್ಚಿ ಹೌದು ಅನ್ನುತ್ತೇನೆ. ಆದರೆ ನಾಲ್ಕು ಬ್ಲಾಗನ್ನು ಒಂದೇ ಸೈಟಿನಲ್ಲಿ ಕೂರಿಸೋಕೆ ಚೆನ್ನಾಗಿದೆಯಾ ಅಂದರೆ ಸ್ವಲ್ಪ ತಡೆದು ಉತ್ತರ ಕೊಡಬೇಕಾಗುತ್ತದೆ. ಬರಹಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಕೆಟಗರಿಗೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಸೈಟು ಹೇಗೆ ಕಾಣಬೇಕು ಅಂತ ನಿರ್ಧರಿಸುವ ಥೀಮಿಗೆ ಆರು, ಅದೂ ಸ್ವಲ್ಪ ಧಾರಾಳವಾಗಿಯೇ.

ನಮ್ಮ ಮನೆಯ ಕಥೆ ಹೀಗೆ. 2009ರಲ್ಲಿ ನಾನು ಗೂಗಲ್‌ನವರ ಬ್ಲಾಗರ್‌ನಲ್ಲಿ ಪುಸ್ತಕಗಳ ಬಗ್ಗೆ ಬರೆಯೋಕೆ ಶುರು ಮಾಡಿದೆ. ಆಗ ಗೊತ್ತಿದ್ದವರೆಲ್ಲ ಒಂದೊಂದು ಬ್ಲಾಗ್ ಇಟ್ಟುಕೊಂಡಿದ್ದ ಕಾಲ. ಆಮೇಲೆ ಚಾರಣಕ್ಕೆ ಅಂತ ಇನ್ನೊಂದು ತೆರೆದೆ. ಸಾಗರದಲ್ಲಿರುವ ಅಕ್ಕ ಅಡುಗೆಯದ್ದು ಒಂದು ಶುರು ಮಾಡಿದಳು. ಅಪ್ಪ ಮೇಷ್ಟ್ರ ಕೆಲಸದಿಂದ ರಿಟೈರ್ ಆದ ಮೇಲೆ ಅಡಿಕೆ ತೋಟದ ದಿನಚರಿ ಬರೆಯುತ್ತೇನೆ ಅಂತ ಕೂತರು, ಅದು ನಾಲ್ಕನೆಯದು. ಬ್ಲಾಗರ್‌ನಲ್ಲಿ ಒಂದು ಖಾತೆಗೆ 100 ಬ್ಲಾಗ್‌ವರೆಗೆ ಬಿಡುತ್ತಾರೆ, ದುಡ್ಡೂ ಇಲ್ಲ. ಹುಟ್ಟಿಸೋದು ಸುಲಭ, ಸಾಕೋದೇ ಕಷ್ಟ. ನಾಲ್ಕಕ್ಕೆ ನಾಲ್ಕು ಡಿಸೈನು, ನಾಲ್ಕು ಕಡೆ ಸ್ಪ್ಯಾಮ್ ಕಾಮೆಂಟು. ವರ್ಷಕ್ಕೆ ಎರಡು ಪೋಸ್ಟ್ ಹಾಕುವ ನನಗೆ ಇದೆಲ್ಲ ಯಾಕೆ ಬೇಕು ಅನ್ನಿಸಿ ಒಂದು ಡೊಮೇನ್ (ಸೈಟಿನ ವಿಳಾಸ) ತಗೊಂಡು, ಸೈಟು ಇಡೋಕೆ ಬಾಡಿಗೆ ಜಾಗ ಕೊಡುವ ಒಂದು ಹೋಸ್ಟಿಂಗ್ ಹಿಡಿದು, ಎಲ್ಲವನ್ನೂ ವರ್ಡ್‌ಪ್ರೆಸ್‌ಗೆ ತಂದೆ. ಹಳೆಯ ಬ್ಲಾಗ್‌ಗಳ ನೆತ್ತಿಯ ಮೇಲೆ ‘ಮನೆ ಬದಲಾಯಿಸಿದ್ದೇವೆ’ ಅಂತ ಒಂದು ಸಾಲು, ಅದಕ್ಕೊಂದು ಲಿಂಕ್.

ಸಾಫ್ಟ್‌ವೇರ್ ಉಚಿತ, 2003ರಿಂದ ಇದೆ, ಯಾರು ಬೇಕಾದರೂ ಇಳಿಸಿಕೊಂಡು ಹಾಕಿಕೊಳ್ಳಬಹುದು. ದುಡ್ಡು ಹೋಗೋದು ಹೋಸ್ಟಿಂಗ್‌ಗೆ. ನಾನು ತಗೊಂಡ ಕಂಪನಿ ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷದ ಬಿಲ್ಲನ್ನು ಮೂರು ಪಟ್ಟು ಮಾಡಿ ಕಳಿಸಿತು. ಹೆಸರು ಹೇಳಲ್ಲ. ರಿನ್ಯೂವಲ್ ರೇಟು ಎಷ್ಟು ಅಂತ ಮೊದಲೇ ನೋಡಿಕೊಳ್ಳಿ, ಅಷ್ಟು ಸಾಕು.

ಈಗ ಕೆಟಗರಿ ವಿಷಯ. ಬ್ಲಾಗರ್‌ನಲ್ಲಿ ಇರೋದು ಲೇಬಲ್ ಮಾತ್ರ, ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಕೆಟಗರಿ ಒಳಗೆ ಕೆಟಗರಿ ಮಾಡಬಹುದು. ಅಡುಗೆ, ಅದರ ಕೆಳಗೆ ತಂಬುಳಿ, ಉಪ್ಪಿನಕಾಯಿ, ತಿಂಡಿ. ಓದುಗರು ‘ಅಡುಗೆ’ ಒತ್ತಿದರೆ ಒಳಗಿನ ಮೂರೂ ಸೇರಿ ಬರುತ್ತದೆ, ‘ತಂಬುಳಿ’ ಒತ್ತಿದರೆ ತಂಬುಳಿ ಮಾತ್ರ. ಪ್ರತಿ ಕೆಟಗರಿಗೂ ತನ್ನದೇ ಪುಟ, ಮೆನುವಿನಲ್ಲಿ ಜಾಗ, ತನ್ನದೇ ಫೀಡ್, ಅಂದರೆ ಹೊಸ ಬರಹಗಳನ್ನು ಚಂದಾದಾರರಿಗೆ ತಲುಪಿಸೋಕೆ ಬಳಸುವ ಪಟ್ಟಿ. ಕೆಟಗರಿ ವಿಳಾಸದ ಕೊನೆಗೆ ‘ಫೀಡ್’ ಅಂತ ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಕು, ಅಡುಗೆ ಬೇಕಾದವರಿಗೆ ಅಡುಗೆಯದ್ದಷ್ಟೇ ಹೋಗುತ್ತದೆ. ಈ ಒಂದು ಸೌಲಭ್ಯ ಇಲ್ಲದಿದ್ದರೆ ನಾನು ಬ್ಲಾಗರ್‌ಗೇ ವಾಪಸ್ ಹೋಗುತ್ತಿದ್ದೆ, ನಿಜವಾಗಿ.

ಇದು ನನಗೆ ಗೊತ್ತಾಗಿದ್ದು ಬೈಸಿಕೊಂಡ ಮೇಲೆ. ಮೊದಲ ತಿಂಗಳು ಇಮೇಲ್ ಚಂದಾ ಕೊಡುವ ಒಂದು ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತುಣುಕು) ಹಾಕಿದ್ದೆ, ಅದು ಸೈಟಿನಲ್ಲಿ ಬಂದ ಎಲ್ಲವನ್ನೂ ಎಲ್ಲರಿಗೂ ಕಳಿಸುತ್ತಿತ್ತು. ಅಕ್ಕನ ದೊಡ್ಡಪತ್ರೆ ತಂಬುಳಿ ಓದೋಕೆ ಅಂತ ಹೆಸರು ಕೊಟ್ಟ ಹೆಂಗಸರಿಗೆ ಒಂದು ಬೆಳಗ್ಗೆ ನನ್ನ ಮೂರು ಸಾವಿರ ಪದದ ಕಾದಂಬರಿ ವಿಮರ್ಶೆ ಹೋಯಿತು. ಅಕ್ಕನ ಫೋನ್ ಬಂತು. ‘ಎಂತ ಮಾರಾಯ ಇದು, ನನ್ನ ಕಷಾಯದ ಪೋಸ್ಟು ಅಂತ ಓಪನ್ ಮಾಡಿದ್ರಂತೆ. ಒಬ್ರು ಚಂದಾ ಬಿಟ್ರು.’ ಅವತ್ತೇ ಆ ಪ್ಲಗಿನ್ ತೆಗೆದು ಕೆಟಗರಿ ಫೀಡಿನಿಂದ ಮೇಲ್ ಕಳಿಸುವ ಬೇರೆ ಏರ್ಪಾಡು ಮಾಡಿದೆ. ಬಿಟ್ಟು ಹೋದವರು ವಾಪಸ್ ಬಂದರಾ ಅಂತ ಅಕ್ಕನನ್ನು ಕೇಳುವ ಧೈರ್ಯ ಆಗಿಲ್ಲ.

ಕನ್ನಡದಲ್ಲಿ ಬರೆಯುವವರು ಗಮನಿಸಲೇಬೇಕಾದ್ದು ಸ್ಲಗ್. ಅಂದರೆ ಲಿಂಕಿನ ಕೊನೆಯಲ್ಲಿ ಬರುವ ಹೆಸರು. ಕೆಟಗರಿಗೆ ‘ತಂಬುಳಿ’ ಅಂತ ಹೆಸರು ಕೊಟ್ಟರೆ ಸ್ಲಗ್ ಕೂಡ ತಾನಾಗಿ ಕನ್ನಡದಲ್ಲೇ ಆಗುತ್ತದೆ. ಬ್ರೌಸರಿನಲ್ಲಿ ನೋಡೋಕೆ ಚಂದ. ಅದನ್ನೇ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಶೇಕಡಾ ಚಿಹ್ನೆ, ಇ, ಸೊನ್ನೆ, ಮತ್ತೆ ಶೇಕಡಾ ಚಿಹ್ನೆ, ಬಿ, ಎರಡು, ಹೀಗೆ ಮೊಬೈಲ್ ಪರದೆಯ ಅರ್ಧ ತುಂಬುವ ಸರಮಾಲೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ‘ವೈರಸ್ ಇರಬಹುದು, ಯಾರೂ ಒತ್ತಬೇಡಿ’ ಅಂತ ಕೆಳಗೆ ಬರೆದರು.

ಯಾಕೆ ಹೀಗೆ ಅಂದರೆ, ಒಂದೊಂದು ಕನ್ನಡ ಅಕ್ಷರವೂ ಲಿಂಕಿನೊಳಗೆ ಒಂಬತ್ತು ಚಿಹ್ನೆಗಳಾಗಿ ಕೂರುತ್ತದೆ. ಗುಣಿತದ ಗುರುತು, ಅನುಸ್ವಾರ, ಒತ್ತಿನ ಒಳಗಿನ ವಿರಾಮ, ಇವಕ್ಕೂ ಬೇರೆ ಬೇರೆ ಒಂಬತ್ತೊಂಬತ್ತು. ‘ತಂಬುಳಿ’ ನಮಗೆ ಮೂರಕ್ಷರ, ಅದಕ್ಕೆ ಆರು. ಆರೊಂಬತ್ತಲೆ ಐವತ್ನಾಲ್ಕು. ವರ್ಡ್‌ಪ್ರೆಸ್ ಸ್ಲಗ್‌ಗೆ ಇಟ್ಟಿರುವ ಜಾಗ 200 ಚಿಹ್ನೆ. ಲೆಕ್ಕ ಹಾಕಿದರೆ 22 ತುಣುಕಿಗೆ ಮುಗಿಯಿತು, ಸ್ವಲ್ಪ ಉದ್ದದ ತಲೆಬರಹ ಇದ್ದರೆ ಲಿಂಕು ಪದದ ಮಧ್ಯದಲ್ಲೇ ಕತ್ತರಿಸಿ ಹೋಗುತ್ತದೆ. ಹಾಗಾಗಿ ಹೆಸರು ಕನ್ನಡದಲ್ಲಿ ಇಡಿ, ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ. ಎರಡಕ್ಕೂ ಬೇರೆ ಬೇರೆ ಪೆಟ್ಟಿಗೆ ಇದೆ. ಇದನ್ನು ಮೊದಲ ದಿನವೇ ಮಾಡಿ. ನಾನು ಮೂರು ತಿಂಗಳು ಬಿಟ್ಟು ಮಾಡಿದೆ. ಪೋಸ್ಟಿನ ಸ್ಲಗ್ ಬದಲಾಯಿಸಿದರೆ ಹಳೆ ಲಿಂಕು ಒತ್ತಿದವರನ್ನು ವರ್ಡ್‌ಪ್ರೆಸ್ ಹೊಸದಕ್ಕೆ ಕರೆದುಕೊಂಡು ಹೋಗುತ್ತದೆ. ಕೆಟಗರಿಯ ಸ್ಲಗ್ ಬದಲಾಯಿಸಿದರೆ ಆ ಕರುಣೆ ಇಲ್ಲ. ಹಂಚಿದ್ದ ಲಿಂಕೆಲ್ಲ ಸತ್ತವು.

ಇನ್ನು ಅಕ್ಕನ ಟ್ಯಾಗ್ ಪ್ರಕರಣ. ಟ್ಯಾಗ್ ಅಂದರೆ ಪೋಸ್ಟಿಗೆ ಅಂಟಿಸುವ ಗುರುತಿನ ಪದ. ಅವಳಿಗೆ ನಾನು ಕೊಟ್ಟಿದ್ದು ‘ಆಥರ್’ ದರ್ಜೆಯ ಲಾಗಿನ್. ಆಥರ್ ತನ್ನ ಪೋಸ್ಟ್ ಬರೆದು ಪ್ರಕಟಿಸಬಹುದು, ಇರುವ ಕೆಟಗರಿಗೆ ಸೇರಿಸಬಹುದು, ಆದರೆ ಹೊಸ ಕೆಟಗರಿ ಮಾಡುವ ಹಾಗಿಲ್ಲ, ಅದಕ್ಕೆ ‘ಎಡಿಟರ್’ ಆಗಬೇಕು. ಟ್ಯಾಗಿಗೆ ಮಾತ್ರ ಆ ಕಾವಲು ಇಲ್ಲ. ಆರು ತಿಂಗಳು ಬಿಟ್ಟು ನೋಡಿದರೆ ಚಟ್ನಿ, ಚಟ್ಣಿ, ಕಾಯಿ ಚಟ್ನಿ, ಕಾಯಿಚಟ್ನಿ, ಸುಲಭ ಚಟ್ನಿ, ಐದು ಟ್ಯಾಗು, ಒಂದೊಂದರಲ್ಲಿ ಒಂದೇ ಒಂದು ಪೋಸ್ಟು. ಬ್ಲಾಗರ್‌ನಿಂದ ಬಂದ ಹಳೆ ಲೇಬಲ್‌ಗಳ ರಾಶಿ ಬೇರೆ. ಒಂದು ಭಾನುವಾರ ಪೂರ್ತಿ ಕೂತು ಕ್ಲೀನ್ ಮಾಡಿದೆ. ಟ್ಯಾಗನ್ನು ಕೆಟಗರಿಯಾಗಿ, ಕೆಟಗರಿಯನ್ನು ಟ್ಯಾಗಾಗಿ ಬದಲಾಯಿಸುವ ಟೂಲ್ ಒಂದಿದೆ, ಒಳ್ಳೆಯದು. ಪೋಸ್ಟ್‌ಗಳ ಪಟ್ಟಿ ಪುಟಕ್ಕೆ 20ರಂತೆ ಬರುತ್ತದೆ, ಮೇಲೆ ಮೂಲೆಯಲ್ಲಿರುವ ಸ್ಕ್ರೀನ್ ಆಪ್ಷನ್ಸ್‌ನಲ್ಲಿ ಆ ಸಂಖ್ಯೆ ಜಾಸ್ತಿ ಮಾಡಿಕೊಂಡು ಬಲ್ಕ್ ಎಡಿಟ್‌ನಿಂದ ಒಟ್ಟಿಗೆ ಕೆಟಗರಿ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಕೆಟಗರಿ ಡಿಲೀಟ್ ಮಾಡಿದರೆ ಬರಹ ಹೋಗಿಬಿಡುತ್ತದೆ ಅಂತ ಹೆದರಬೇಡಿ, ಹೋಗಲ್ಲ, ಬೇರೆ ಕೆಟಗರಿ ಇಲ್ಲದ ಪೋಸ್ಟುಗಳು ಡಿಫಾಲ್ಟ್ ಕೆಟಗರಿಗೆ ಬಂದು ಬೀಳುತ್ತವೆ. ಆ ಡಿಫಾಲ್ಟ್ ಯಾವುದು ಅಂತ ಸೆಟ್ಟಿಂಗ್ಸ್‌ನ ‘ರೈಟಿಂಗ್’ ಪುಟದಲ್ಲಿ ನೀವೇ ಆರಿಸಿ, ಇಲ್ಲದಿದ್ದರೆ ‘ಅನ್‌ಕೆಟಗರೈಸ್ಡ್’ ಅನ್ನುವ ವಿಕಾರವಾದ ಹೆಸರು ಓದುಗರಿಗೆಲ್ಲ ಕಾಣುತ್ತಿರುತ್ತದೆ.

ಒಂದು ಕೊರತೆ: ಅಕ್ಕ ಅಡುಗೆ ಕೆಟಗರಿಯಲ್ಲಿ ಮಾತ್ರ ಬರೆಯಬೇಕು ಅಂತ ಬೇಲಿ ಹಾಕೋಕೆ ವರ್ಡ್‌ಪ್ರೆಸ್‌ನಲ್ಲೇ ದಾರಿ ಇಲ್ಲ. ಅವಸರದಲ್ಲಿ ಅವಳ ಅಪ್ಪೆಹುಳಿ ಒಂದು ಸಲ ‘ಚಾರಣ’ದಲ್ಲಿ ಪ್ರಕಟವಾಗಿ ಎರಡು ದಿನ ಕುದುರೆಮುಖದ ಫೋಟೋಗಳ ಪಕ್ಕ ಕೂತಿತ್ತು. ಅದಕ್ಕೆ ಬಂದ ಕಾಮೆಂಟ್ ನನ್ನ ಯಾವ ಚಾರಣಕ್ಕೂ ಬಂದಿರಲಿಲ್ಲ ಅನ್ನೋದು ಬೇರೆ ವಿಷಯ.

ಈಗ ಥೀಮ್. ನನ್ನ ಆಸೆ ಇದ್ದದ್ದು ನಾಲ್ಕು ಬ್ಲಾಗಿಗೆ ನಾಲ್ಕು ಮುಖ. ಅಡುಗೆಗೆ ದೊಡ್ಡ ಫೋಟೋ, ಪುಸ್ತಕಕ್ಕೆ ಬರೀ ಅಕ್ಷರ, ಅಪ್ಪನಿಗೆ ದಪ್ಪ ಫಾಂಟು. ವರ್ಡ್‌ಪ್ರೆಸ್‌ನಲ್ಲಿ ಒಂದು ಸೈಟಿಗೆ ಒಂದೇ ಥೀಮ್ ಚಾಲೂ ಇರುತ್ತದೆ. ಬೇರೆ ಬೇರೆ ಪುಟಕ್ಕೆ ಬೇರೆ ಥೀಮ್ ಹಾಕಿಸುವ ಪ್ಲಗಿನ್‌ಗಳು ಇವೆ. ಒಂದನ್ನು ಹಾಕಿ ನೋಡಿದೆ, ಎರಡು ದಿನಕ್ಕೆ ಮೆನು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಲಿಲ್ಲ, ತೆಗೆದೆ.

ಸರಿಯಾದ ದಾರಿ ಇನ್ನೊಂದಿದೆ. 2022ರ ಜನವರಿಯಲ್ಲಿ ಬಂದ 5.9 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳು ಬಂದಿವೆ, ಅವುಗಳಲ್ಲಿ ಸೈಟಿನ ಯಾವ ಭಾಗವನ್ನಾದರೂ ಎಡಿಟರಿನಲ್ಲೇ ಬದಲಾಯಿಸಬಹುದು. ವರ್ಡ್‌ಪ್ರೆಸ್ ಮೆನುವಿನಲ್ಲಿ ಅಪಿಯರೆನ್ಸ್, ಅದರೊಳಗೆ ಎಡಿಟರ್, ಅದರೊಳಗೆ ಟೆಂಪ್ಲೇಟ್ಸ್, ಅಂದರೆ ಪುಟದ ಅಚ್ಚುಗಳು. ಅಲ್ಲಿ ಹೊಸದನ್ನು ಸೇರಿಸುವಾಗ ‘ಎಲ್ಲಾ ಕೆಟಗರಿಗೂ’ ಬೇಕೋ ‘ಇದೊಂದು ಕೆಟಗರಿಗೆ’ ಬೇಕೋ ಅಂತ ಕೇಳುತ್ತದೆ. ಅಡುಗೆ ಆರಿಸಿ ಮೂರು ಕಾಲಮ್ ಫೋಟೋ ಜೋಡಿಸಿದೆ. ಪುಸ್ತಕಕ್ಕೆ ಫೋಟೋ ತೆಗೆದು ತಲೆಬರಹ ಮತ್ತು ನಾಲ್ಕು ಸಾಲು. ಒಂದು ಸಾಲು ಕೋಡ್ ಬರೆಯಲಿಲ್ಲ. ಮುಖಪುಟದಲ್ಲಿ ಕ್ವೆರಿ ಲೂಪ್ ಅನ್ನುವ ಬ್ಲಾಕನ್ನು ನಾಲ್ಕು ಸಲ ಇಟ್ಟು, ಒಂದೊಂದಕ್ಕೂ ಕೆಟಗರಿ ಫಿಲ್ಟರ್ ಕೊಟ್ಟರೆ ನಾಲ್ಕೂ ಬ್ಲಾಗಿನ ಹೊಸ ಬರಹ ಸಾಲಾಗಿ ಕಾಣುತ್ತದೆ. ಇಲ್ಲಿಯವರೆಗೆ ಹತ್ತಕ್ಕೆ ಹತ್ತು ಕೊಡುವ ಮನಸ್ಸಿತ್ತು.

ಎಡವಿದ್ದು ಒಳಗೆ ಹೋದಾಗ. ಕೆಟಗರಿಯ ಪಟ್ಟಿ ಪುಟ ಬೇರೆ ಥರ ಕಂಡರೂ, ಪೋಸ್ಟ್ ತೆರೆದರೆ ಎಲ್ಲದಕ್ಕೂ ಒಂದೇ ಮುಖ. ‘ಅಡುಗೆ ಕೆಟಗರಿಯ ಪೋಸ್ಟ್‌ಗಳೆಲ್ಲ ಈ ಟೆಂಪ್ಲೇಟಿನಲ್ಲಿ ತೆರೆಯಲಿ’ ಅಂತ ಹೇಳುವ ಒಂದು ಬಟನ್ ಇಲ್ಲ. ಬೇರೆ ಟೆಂಪ್ಲೇಟ್ ಮಾಡಿಟ್ಟು ಒಂದೊಂದು ಪೋಸ್ಟಿಗೂ ಕೈಯಾರೆ ಆರಿಸಬೇಕು, ಇಲ್ಲವೇ ಕೋಡ್ ಬರೆಯಬೇಕು. ಅಕ್ಕನಿಗೆ ಹೇಳಿಕೊಟ್ಟಿದ್ದೇನೆ, ಮೂರರಲ್ಲಿ ಒಂದು ಸಲ ಮರೆಯುತ್ತಾಳೆ. ತಪ್ಪು ಅವಳದ್ದಲ್ಲ.

ಕನ್ನಡ ಅಕ್ಷರದ ಗೋಳು ಬೇರೆ. ಥೀಮ್ ಮಾಡಿದವರು ಇಂಗ್ಲಿಷ್ ಇಟ್ಟು ನೋಡಿರುತ್ತಾರೆ, ಹಾಗಾಗಿ ತಲೆಬರಹದ ಸಾಲುಗಳ ನಡುವೆ ಜಾಗ ತೀರಾ ಕಡಿಮೆ. ‘ದೊಡ್ಡಪತ್ರೆ’ ಅಂತ ಮೊದಲ ಸಾಲಿನಲ್ಲಿ ಬಂದರೆ ಅದರ ಒತ್ತು ಕೆಳಗಿನ ಸಾಲಿನ ತಲೆಗಟ್ಟಿಗೆ ಹೋಗಿ ಬಡಿಯುತ್ತದೆ. ಲೈನ್ ಹೈಟ್ 1.1 ಇದ್ದದ್ದನ್ನು 1.5 ಮಾಡಿದ ಮೇಲೆ ಸರಿಹೋಯಿತು. ಅಕ್ಷರಗಳ ನಡುವೆ ಜಾಗ ಬಿಡುವ ಲೆಟರ್ ಸ್ಪೇಸಿಂಗ್ ಇದ್ದರೆ ಸೊನ್ನೆ ಮಾಡಿ. ಫಾಂಟಿಗೆ ಮೊದಲು ಪ್ಲಗಿನ್ ಬೇಕಿತ್ತು, 2024ರ ಏಪ್ರಿಲ್‌ನಲ್ಲಿ ಬಂದ 6.5ರಿಂದ ಎಡಿಟರಿನೊಳಗೇ ಫಾಂಟ್ ಲೈಬ್ರರಿ ಇದೆ, ಗೂಗಲ್ ಫಾಂಟ್‌ಗಳನ್ನು ನೇರ ಇಳಿಸಿಕೊಳ್ಳಬಹುದು. ನೋಟೋ ಸೆರಿಫ್ ಕನ್ನಡ ಓದೋಕೆ ಹಿತ, ತಲೆಬರಹಕ್ಕೆ ಬಲೂ ತಮ್ಮ ಹಾಕಿದ್ದೇನೆ. ಪಟ್ಟಿ ಪುಟದಲ್ಲಿ ಬರುವ ಆಯ್ದ ಭಾಗ 55 ಪದ ಇರುತ್ತದೆ. ನಮ್ಮ ಪದಗಳು ಉದ್ದ, ಮೊಬೈಲಿನಲ್ಲಿ ಅದೇ ಒಂದು ಪ್ರಬಂಧದಷ್ಟಾಗುತ್ತದೆ, 20ಕ್ಕೆ ಇಳಿಸಿ.

ನಿಮಗೆ ನಿಜಕ್ಕೂ ನಾಲ್ಕು ಥೀಮೇ ಬೇಕು ಅಂದರೆ ಮಲ್ಟಿಸೈಟ್ ಇದೆ. 2010ರಲ್ಲಿ ಬಂದ 3.0ಯಿಂದ ಮೂಲ ವರ್ಡ್‌ಪ್ರೆಸ್‌ನಲ್ಲೇ ಸೇರಿಕೊಂಡಿದೆ. ಒಂದೇ ಇನ್‌ಸ್ಟಾಲ್, ಒಂದೇ ಲಾಗಿನ್, ಆದರೆ ಪ್ರತಿ ಬ್ಲಾಗಿಗೂ ಬೇರೆ ಥೀಮ್, ಬೇರೆ ಕೆಟಗರಿ, ಬೇರೆ ಮೆನು. ಅಕ್ಕನನ್ನು ಅವಳ ಸೈಟಿಗೆ ಸೀಮಿತ ಮಾಡಬಹುದು, ಅಪ್ಪೆಹುಳಿ ಕುದುರೆಮುಖ ಹತ್ತುವುದಿಲ್ಲ. ಆದರೆ ಒಂದು ಷರತ್ತು, ನಾನು ಇದನ್ನು ತಡವಾಗಿ ಓದಿದೆ. ಸೈಟ್ ಹಾಕಿ ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಡೊಮೇನಿನ ನಂತರ ಸ್ಲ್ಯಾಶ್ ಹಾಕಿ ಬ್ಲಾಗಿನ ಹೆಸರು ಕೊಡುವ ಆಯ್ಕೆ ಸಿಗುವುದಿಲ್ಲ, ಹೆಸರು ಡೊಮೇನಿಗಿಂತ ಮೊದಲು ಬರುವ ಸಬ್‌ಡೊಮೇನ್ ದಾರಿಯೇ ಹಿಡಿಯಬೇಕು, ಅದಕ್ಕೆ ಹೋಸ್ಟಿಂಗ್‌ನವರ ಹತ್ತಿರ ಡಿಎನ್‌ಎಸ್ (ವಿಳಾಸವನ್ನು ಸರ್ವರಿಗೆ ಜೋಡಿಸುವ) ಕೆಲಸ ಮಾಡಿಸಬೇಕು. ನನ್ನ ಸೈಟಿಗೆ ಆಗಲೇ ಎಂಟು ತಿಂಗಳಾಗಿತ್ತು. ಆ ಹೋಸ್ಟಿಂಗ್‌ನವರಿಗೆ ಮತ್ತೆ ಫೋನ್ ಮಾಡುವ ಉತ್ಸಾಹ ನನಗಿರಲಿಲ್ಲ.

ಹೀಗಾಗಿ ನನ್ನ ಸಲಹೆ: ಬರೆಯುವವರು ಒಬ್ಬರೇ ಆಗಿದ್ದು ವಿಷಯ ಮಾತ್ರ ಬೇರೆ ಬೇರೆಯಾದರೆ ಕೆಟಗರಿ ಸಾಕು, ಒಂದು ಥೀಮಿಗೆ ಒಗ್ಗಿಕೊಳ್ಳಿ, ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬರೆಯುವವರೇ ಬೇರೆ ಬೇರೆ ಆದರೆ ಮೊದಲ ವಾರದಲ್ಲೇ ಮಲ್ಟಿಸೈಟ್ ಮಾಡಿ. ನಾವು ನಡುವೆ ಸಿಕ್ಕಿಕೊಂಡವರು.

ಅಪ್ಪನ ಕೆಟಗರಿಗೆ ಬಂದರೆ ತೊಂದರೆ ಬೇರೆಯೇ ಇತ್ತು. ಅವರು ವರ್ಷಗಟ್ಟಲೆ ಹಳೇ ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದ ಫೈಲುಗಳನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತಿತ್ತು, ಒಂದೊಂದನ್ನೂ ಯುನಿಕೋಡಿಗೆ ಬದಲಾಯಿಸಿ ಹಾಕಿದೆ. ಮಳೆಗಾಲದ ಕೊಳೆರೋಗ, ಬೋರ್ಡೋ ದ್ರಾವಣ ಹೊಡೆಯುವ ಲೆಕ್ಕ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಸಿಗದ ವರ್ಷಗಳು. ‘ತೋಟ’ ಕೆಟಗರಿಯ ಪುಟವನ್ನು ಅವರ ಫೋನಿನ ಮುಂಭಾಗಕ್ಕೆ ಐಕಾನ್ ಮಾಡಿಟ್ಟೆ. ಒತ್ತಿದರೆ ಅದೊಂದೇ ತೆರೆಯುತ್ತದೆ. ಮೇಲಿನ ಮೆನುವಿನಲ್ಲಿ ಅಡುಗೆ, ಪುಸ್ತಕ ಅಂತೆಲ್ಲ ಇರುವುದನ್ನು ನೋಡಿ ಮೊನ್ನೆ ಕೇಳಿದರು, ‘ಇವೆಲ್ಲ ನನ್ನ ಬ್ಲಾಗಿನಲ್ಲಿ ಯಾಕೆ ಬಂದಿವೆ?’

ಜಾಹೀರಾತು ಇರಬಹುದು ಅಪ್ಪಾ ಅಂದೆ.