ಡಬ್ಬಿ ತಂಬೂರಿ: ಕಿವಿ ಇಲ್ಲದವರಿಗೆ ಕಿವಿ ಕೊಡುತ್ತದೆಯೇ?

ಪುಣೆಯ ಕನ್ನಡದ ಮನೆಗಳಲ್ಲಿ ಮಕ್ಕಳನ್ನು ಹಿಂದುಸ್ತಾನಿ ಕ್ಲಾಸಿಗೆ ಹಾಕಿ ಆರು ತಿಂಗಳಾಗುವಷ್ಟರಲ್ಲಿ ಒಂದು ಮಾತು ಬರುತ್ತದೆ: "ನಮ್ಮ ಹುಡುಗಗ ಕಿವೀನ ಇಲ್ರಿ." ಹುಡುಗ ಮನೆಯಲ್ಲಿ ಯಾವುದರ ಜೊತೆ ಹಾಡುತ್ತಾನೆ ಎಂದು ಮೊದಲು ನೋಡಬೇಕು. ಫೋನಿನ ತಂಬೂರಿ ಆ್ಯಪ್, ಇಲ್ಲವೇ ಹಾರ್ಮೋನಿಯಂ. ಎರಡಕ್ಕಿಂತಲೂ ತಾನೇ ತಂಬೂರಿ ನುಡಿಸುವ ಎಲೆಕ್ಟ್ರಾನಿಕ್ ಡಬ್ಬಿ ಮೇಲು, ಒಂದು ಕೊರತೆ ಬಿಟ್ಟರೆ.

ಗಂಡಸರ ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯೇ ಷಡ್ಜವಾದ ಶ್ರುತಿ) ಖರ್ಜದ ತಂತಿ, ಅಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜದ ತಂತಿ, ಸುಮಾರು 69 ಹರ್ಟ್ಸ್. ಫೋನಿನ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಹೊರಡಿಸಲು ಆಗದು. ಮೇಲಿನ ಝೇಂಕಾರವಷ್ಟೇ ಉಳಿಯುತ್ತದೆ. ಡಬ್ಬಿಯೂ ಪೂರ್ತಿ ಕೊಡುವುದಿಲ್ಲ, ಆದರೆ 138 ಹರ್ಟ್ಸಿನ ಜೋಡಿ ತಂತಿ (ನಡುವಿನ ಎರಡು ಷಡ್ಜದ ತಂತಿಗಳು) ತುಂಬಿ ಬರುತ್ತದೆ. ಗೋಡೆಯ ಮೂಲೆಯಲ್ಲಿಟ್ಟರೆ ಇನ್ನೂ ಚೆನ್ನ.

ಹಾರ್ಮೋನಿಯಂನ ತೊಂದರೆ ಬೇರೆ. ಸಪ್ತಕಕ್ಕೆ 1200 ಸೆಂಟ್ ಎಂದು ಹಿಡಿದರೆ, ಖರ್ಜದ ತಂತಿಯೊಳಗಿಂದ ತಾನಾಗಿ ಹೊಮ್ಮುವ ಗಂಧಾರ 386ರಲ್ಲಿದೆ. ಪಿಯಾನೋ ಲೆಕ್ಕದಲ್ಲಿ, ಅಂದರೆ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ, ಟ್ಯೂನ್ ಮಾಡಿದ ಹಾರ್ಮೋನಿಯಂನ ಗಂಧಾರ 400ರಲ್ಲಿ. ಹಾರ್ಮೋನಿಯಂ ಒತ್ತಿ ಕಲಿತ ಮಗು ತಂಬೂರಿಯ ಮುಂದೆ 14 ಸೆಂಟ್ ಏರಿ ಹಾಡಿ "ಬೇಸೂರ್" ಅನ್ನಿಸಿಕೊಳ್ಳುತ್ತದೆ. ಪಾಪ, ಕಿವಿ ತನಗೆ ಕಲಿಸಿದ್ದನ್ನೇ ಒಪ್ಪಿಸಿತು.

ಡಬ್ಬಿ ಹೊಂದಿಸುವುದು ಹೀಗೆ: ಮೊದಲ ತಂತಿ ಪಂಚಮ, ಪಂಚಮವಿಲ್ಲದ ಮಾಲಕಂಸ ರಾಗಕ್ಕೆ ಮಧ್ಯಮ. ಲಯ ನಿಧಾನ, ಜೋರಾದರೆ ತಂತಿಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ವಾಲ್ಯೂಮ್ ತನ್ನ ದನಿ ತನಗೆ ಕೇಳುವಷ್ಟೇ. ಮನೆ ತುಂಬ ಮೊಳಗಿಸುವುದೇ ಎಲ್ಲರೂ ಮಾಡುವ ತಪ್ಪು, ತಪ್ಪು ಸ್ವರ ಅದರಲ್ಲಿ ಮುಚ್ಚಿಹೋಗುತ್ತದೆ. ಬೆಳಿಗ್ಗೆ 20 ನಿಮಿಷ, ಅದರಲ್ಲಿ 10 ಬರೀ ಷಡ್ಜಕ್ಕೆ.

ಇನ್ನು ಕೊರತೆ. ಮಿರಜಿನ ನಿಜವಾದ ತಂಬೂರಿಗೆ ಮಳೆಗಾಲದಲ್ಲಿ ತಂತಿ ಬಿಗಿಯುವ ಬಿರಟೆ ಉಬ್ಬಿ ಕೂರುತ್ತದೆ, ಶ್ರುತಿಗಾಗಿ ತಂತಿಯ ಮಣಿ ಸರಿಸಬೇಕು, ಝೇಂಕಾರಕ್ಕಾಗಿ ತಂತಿಯ ಕೆಳಗಿನ ಜವಾರಿಯ ದಾರ ಹೊಂದಿಸಬೇಕು. ಕಾಟವೇ. ಆದರೆ ಕಿವಿ ಹದಕ್ಕೆ ಬರುವುದು ಆ ಕಾಟದಲ್ಲಿ. ಡಬ್ಬಿ ಅದನ್ನು ತಪ್ಪಿಸಿಬಿಡುತ್ತದೆ. ಉಪಾಯವಿದೆ: ಹಾರ್ಮೋನಿಯಂನಲ್ಲಿ ಷಡ್ಜ ಹಿಡಿದು, ಡಬ್ಬಿಯ ಶ್ರುತಿಯನ್ನು ಚೂರುಚೂರೇ ಏರಿಳಿಸುವ ಫೈನ್ ಗುಂಡಿಯನ್ನು ಬೇಕೆಂದೇ ತಿರುಗಿಸಿ ಕೆಡಿಸಿ. ಎರಡು ಷಡ್ಜಗಳ ನಡುವೆ 2 ಹರ್ಟ್ಸ್ ಅಂತರವಿದ್ದರೆ ಸೆಕೆಂಡಿಗೆ ಎರಡು ಸಲ ನಾದ ಅಲುಗುತ್ತದೆ. ಆ ಅಲುಗಾಟ ನಿಲ್ಲುವವರೆಗೆ ಮಗುವೇ ತಿರುಗಿಸಲಿ. ಒಬ್ಬರಿಗೆ ವಾರದಲ್ಲಿ ಕೈಗೆ ಹತ್ತುತ್ತದೆ, ಇನ್ನೊಬ್ಬರಿಗೆ ತಿಂಗಳುಗಳು ಬೇಕು. ಹುಟ್ಟುಗುಣ ಎಂದರೆ ಇಷ್ಟೇ ಅಂತರ. ಗದಗ ಜಿಲ್ಲೆಯಿಂದ ಬಂದು ಪುಣೆಯವರಾದ ಭೀಮಸೇನ ಜೋಶಿಯವರನ್ನು ದೈವದತ್ತ ಕಂಠ ಎನ್ನುವವರು, ಅವರು ಸವಾಯಿ ಗಂಧರ್ವರ ಬಳಿ ಕಲಿತ ಕುಂದಗೋಳದ ವರ್ಷಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೊಳ್ಳುವಾಗ: ಪುಣೆಯ ಲಕ್ಷ್ಮಿ ರಸ್ತೆಯ ಗದ್ದಲದಲ್ಲಿ ಎಲ್ಲ ಡಬ್ಬಿಯೂ ಸುರೇಲಾಗಿಯೇ ಕೇಳುತ್ತದೆ, ಒಳಕೋಣೆಯಲ್ಲಿ ಹತ್ತು ನಿಮಿಷ ಹಾಕಿಸಿ. ಅಡಾಪ್ಟರ್ ಗುಂಯ್‌ಗುಟ್ಟಿದರೆ ಬೇಡ: ಆ 100 ಹರ್ಟ್ಸಿನ ಸದ್ದು ಕಾಳಿ ಒಂದರ ಮಂದ್ರ ಪಂಚಮದ (ಸುಮಾರು 104) ಪಕ್ಕದಲ್ಲೇ ಕೂತು ಪಂಚಮವನ್ನು ಕೆಡಿಸುತ್ತದೆ. ತಂತಿಗಳ ಒಂದು ಸುತ್ತು ಮುಗಿದು ಮತ್ತೆ ಶುರುವಾಗುವಲ್ಲಿ "ಟಕ್" ಎಂದರೂ ವಾಪಸ್ ಕೊಡಿ.