ಯಹೂದಿ ಸಮ್ಮರ್ ಡೇ ಕ್ಯಾಂಪ್: ಈಜಿಗೆ ಪೂರ್ತಿ ಅಂಕ, ದೊಡ್ಡ ಮಕ್ಕಳ ಗುಂಪಿಗೆ ಅರ್ಧ

ಬಿಲ್ಲುಗಾರಿಕೆ, ಕುಂಬಾರಿಕೆ, ರೋಬೋಟಿಕ್ಸ್, ಹತ್ತುವ ಗೋಡೆ, ನಾಟಕ. ಕ್ಯಾಂಪಿನ ಬ್ರೋಷರಿನಲ್ಲಿ ಇವೆಲ್ಲ ಇರುತ್ತವೆ, ನೀವೂ ಓದಿರುತ್ತೀರಿ. ನ್ಯೂಜೆರ್ಸಿಯಲ್ಲಿ ಯಾವ ಡೇ ಕ್ಯಾಂಪಿನ ಬಾಗಿಲು ತಟ್ಟಿದರೂ ಹೆಚ್ಚುಕಮ್ಮಿ ಇದೇ ಪಟ್ಟಿ. ಜೆಸಿಸಿ, ಅಂದರೆ ಯಹೂದಿ ಸಮುದಾಯ ಕೇಂದ್ರ ನಡೆಸುವ ಕ್ಯಾಂಪಿಗೆ ಹಲವು ಬೇಸಿಗೆ ಮಕ್ಕಳನ್ನು ಕಳಿಸಿದ ಮೇಲೆ ಹೇಳುವುದಾದರೆ, ಕೊಟ್ಟ ದುಡ್ಡು ವಸೂಲಾಗುವುದು ಈಜುಕೊಳದಲ್ಲಿ. ನಮ್ಮವರು ಮೊದಲು ಕೇಳುವ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ: ಹೌದು, ಜೆಸಿಸಿ ಕ್ಯಾಂಪುಗಳಿಗೆ ಯಾವ ಧರ್ಮದ ಮಕ್ಕಳಾದರೂ ಸೇರಬಹುದು. ಪ್ರಾರ್ಥನೆ, ಹೀಬ್ರೂ ಹಾಡು ಇರುತ್ತವೆ. ಮತಾಂತರದ ವಾಸನೆಯೂ ಇಲ್ಲ.

ದಿನಕ್ಕೆ ಎರಡು ಸಲ ನೀರಿಗಿಳಿಸುತ್ತಾರೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ. ಪಾಠ ಅಮೆರಿಕನ್ ರೆಡ್‌ಕ್ರಾಸಿನ ಆರು ಹಂತಗಳ ಕ್ರಮದಲ್ಲಿ ನಡೆಯುತ್ತದೆ. ಒಂದನೇ ಹಂತದಲ್ಲಿ ಮುಖ ಮುಳುಗಿಸಿ ಗುಳ್ಳೆ ಬಿಡುವುದು, ಮೂರನೆಯದಕ್ಕೆ ಬರುವಷ್ಟರಲ್ಲಿ ಆಳದ ನೀರಿಗೆ ಧುಮುಕಿ ತೇಲುವುದು. ಮೊದಲ ದಿನವೇ ಪರೀಕ್ಷೆ: ಆಳದ ತುದಿಯಲ್ಲಿ ಹಾರಬೇಕು, ಗೋಡೆ ಹಿಡಿಯದೆ ಕೊಳದ ಒಂದು ಉದ್ದ ಈಜಬೇಕು, ಒಂದು ನಿಮಿಷ ನಿಂತಲ್ಲೇ ಕೈಕಾಲು ಬಡಿಯುತ್ತ ತೇಲಬೇಕು. ಪಾಸಾದವರ ಮಣಿಕಟ್ಟಿಗೆ ಹಸಿರು ಪಟ್ಟಿ, ನಡುವಿನವರಿಗೆ ಹಳದಿ, ಬಾರದವರಿಗೆ ಕೆಂಪು. ಕೆಂಪು ಪಟ್ಟಿಯವರು ಸೊಂಟದ ನೀರು ದಾಟುವಂತಿಲ್ಲ.

ಮಧ್ಯಾಹ್ನದ ಆಟದ ಹೊತ್ತಿನಲ್ಲಿ ಜೋಡಿ ಲೆಕ್ಕ ನಡೆಯುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಸೀಟಿ ಬೀಳುತ್ತದೆ, ಕೊಳ ಗಪ್‌ಚುಪ್. ಪ್ರತಿ ಮಗು ತನ್ನ ಜೋಡಿಯ ಕೈ ಹಿಡಿದು ಮೇಲಕ್ಕೆತ್ತಬೇಕು, ಜೋಡಿಗಳು ಒಂದಾದ ಮೇಲೊಂದರಂತೆ ನಂಬರು ಕೂಗಬೇಕು, ಆ ಸಂಖ್ಯೆ ದಡದ ಬೋರ್ಡಿನಲ್ಲಿ ತೂಗುಹಾಕಿದ ಬಿಲ್ಲೆಗಳಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎಲ್ಲರೂ ನೀರಿನಿಂದ ಹೊರಗೆ. ಎಷ್ಟೋ ಸಲ ಕಾರಣ ಇಷ್ಟೇ: ಯಾವುದೋ ಮಗು ಹೇಳದೆ ಬಾತ್‌ರೂಮಿಗೆ ಹೋಗಿರುತ್ತದೆ, ಬಿಲ್ಲೆ ತೆಗೆದಿರುವುದಿಲ್ಲ. ಕ್ಯಾಂಪ್ ನೋಡಲು ಹೋದಾಗ ಇದೊಂದನ್ನು ಕಣ್ಣಾರೆ ನೋಡಿ. ಸೀಟಿ ಹೊಡೆದ ಮೇಲೂ ಮೂಲೆಯಲ್ಲಿ ಗಲಾಟೆ ನಡೆದೇ ಇದ್ದರೆ ಆ ಕ್ಯಾಂಪ್ ಬೇಡ.

ಈಜಿಗೆ ಇಷ್ಟು ಒತ್ತು ಕೊಡುವುದಕ್ಕೆ ಹಳೆಯ ಬೇರೂ ಇದೆ. ಯಹೂದಿಗಳ ಹಳೆಯ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದಿನ ಕಿದ್ದುಶಿನ್ ಭಾಗದಲ್ಲಿ ತಂದೆ ಮಗನಿಗೆ ಮಾಡಬೇಕಾದ ಕರ್ತವ್ಯಗಳ ಪಟ್ಟಿ ಬರುತ್ತದೆ. ಧರ್ಮಗ್ರಂಥ ಕಲಿಸಬೇಕು, ಮದುವೆ ಮಾಡಿಸಬೇಕು, ಕಸುಬು ಕಲಿಸಬೇಕು. ಈಜನ್ನೂ ಕಲಿಸಬೇಕು ಎನ್ನುವವರಿದ್ದಾರೆ, ಎಂದು ಕೊನೆಗೆ ಸೇರಿಸಿದ್ದಾರೆ.

ಇನ್ನು ಎಡವಟ್ಟು. ಕ್ಯಾಂಪಿನಲ್ಲಿ ಎಲ್ಲ ಚಟುವಟಿಕೆಗೂ ಗುಂಪು ಮಾಡುವುದು ತರಗತಿಯ ಪ್ರಕಾರ, ಈಜಿಗೆ ಮಾತ್ರ ಹಂತದ ಪ್ರಕಾರ. ಭಾರತದಿಂದ ಈಗಷ್ಟೇ ಬಂದ ಒಂಬತ್ತು ವರ್ಷದ ಹುಡುಗನಿಗೆ ಈಜು ಬಾರದಿದ್ದರೆ ಅವನನ್ನು ಕಿಂಡರ್‌ಗಾರ್ಟನ್ ಮಕ್ಕಳ ಜೊತೆ ನಿಲ್ಲಿಸುತ್ತಾರೆ, ಗೆಳೆಯರು ಆಚೆ ತುದಿಯಲ್ಲಿ ಹಸಿರು ಪಟ್ಟಿ ಹಾಕಿಕೊಂಡು ಹಾರುತ್ತಿರುತ್ತಾರೆ. ಎರಡೇ ದಿನಕ್ಕೆ "ಹೊಟ್ಟೆನೋವು" ಶುರು. ಇದಕ್ಕೆ ಮದ್ದು ಎರಡು. ಒಂದು, ಏಪ್ರಿಲ್-ಮೇ ತಿಂಗಳಲ್ಲೇ ಹತ್ತಿರದ ಒಳಾಂಗಣ ಕೊಳದಲ್ಲಿ ವಾರಕ್ಕೊಂದು ಪಾಠ ಹಾಕಿಸಿ. ಮುಖ ಮುಳುಗಿಸುವುದು, ಬೆನ್ನ ಮೇಲೆ ಹತ್ತು ಸೆಕೆಂಡ್ ತೇಲುವುದು ಬಂದರೂ ಸಾಕು, ಅರ್ಧ ಭಯ ಹೋಗಿರುತ್ತದೆ. ಎರಡು, "ದೊಡ್ಡ ಮಕ್ಕಳಿಗೆ ಪ್ರತ್ಯೇಕ ಬಿಗಿನರ್ಸ್ ಸಾಲು ಇದೆಯಾ" ಎಂದು ಈಜು ವಿಭಾಗದ ಮುಖ್ಯಸ್ಥರನ್ನೇ ಕೇಳಿ. ಮಕ್ಕಳ ಸಂಖ್ಯೆ ಇದ್ದರೆ ಮಾಡಿಕೊಡುತ್ತಾರೆ. ಕೇಳದಿದ್ದರೆ ಯಾರೂ ತಾವಾಗಿ ಮಾಡುವುದಿಲ್ಲ.

ಬೆಳಗಿನ ಚೀಲ ತುಂಬುವುದೂ ಈಜಿನ ಸುತ್ತಲೇ. ಈಜುಡುಗೆ ಎರಡು ಜೊತೆ ಬೇಕು, ಬೆಳಗಿನ ಒದ್ದೆ ಬಟ್ಟೆಯನ್ನು ಮಧ್ಯಾಹ್ನ ಮತ್ತೆ ಹಾಕಿಕೊಳ್ಳಲು ಯಾವ ಮಗುವೂ ಒಪ್ಪುವುದಿಲ್ಲ. ಒಂದು ಜೊತೆ ಮನೆಯಿಂದಲೇ ಬಟ್ಟೆಯ ಒಳಗೆ ಹಾಕಿ ಕಳಿಸಿ, ಬದಲಿಸುವ ಹತ್ತು ನಿಮಿಷ ಉಳಿಯುತ್ತದೆ. ಒಳಉಡುಪನ್ನು ಚೀಲಕ್ಕೆ ಹಾಕಲು ಮಾತ್ರ ಮರೆಯಬೇಡಿ. ತೆಳು ಟವೆಲ್ ಎರಡು, ಒದ್ದೆ ಬಟ್ಟೆಗೆ ಜಿಪ್ ಇರುವ ಚೀಲ, ನೀರಿನ ಬಾಟಲಿ, ಕನ್ನಡಕ. ಕೊಳದ ಕನ್ನಡಕಕ್ಕೆ ದುಬಾರಿ ಬ್ರಾಂಡ್ ಬೇಡ, ಜುಲೈ ಮುಗಿಯುವಷ್ಟರಲ್ಲಿ ಕಳೆದೇ ಹೋಗುತ್ತದೆ. ಹೆಸರು ಬರೆಯಬೇಕಾದ್ದು ಅಳಿಸದ ಶಾಯಿಯಲ್ಲಿ, ಚಪ್ಪಲಿಯ ಮೇಲೂ. ಸನ್‌ಸ್ಕ್ರೀನಿನ ಮೊದಲ ಲೇಪ ಮನೆಯಲ್ಲೇ, ಹೊರಡುವ ಹದಿನೈದು ನಿಮಿಷ ಮೊದಲು. ಅಲ್ಲಿ ಕೌನ್ಸಿಲರ್‌ಗಳು, ಅಂದರೆ ಗುಂಪಿನ ಮಕ್ಕಳನ್ನು ನೋಡಿಕೊಳ್ಳುವವರು, ಒಪ್ಪಿಗೆ ಪತ್ರ ಇದ್ದರೆ ಸ್ಪ್ರೇ ಹೊಡೆಯುತ್ತಾರೆ, ಮುಖಕ್ಕೆ ಕೈ ಹಚ್ಚುವುದಿಲ್ಲ. ಮಗು ತಾನೇ ಹಚ್ಚಿಕೊಳ್ಳುವಂಥ ಕಡ್ಡಿ ರೂಪದ್ದು ಕೊಟ್ಟುಕಳಿಸಿ. ಸಂಜೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಜಾಗ ನೋಡಲೇಬೇಕು. ಇಲ್ಲಿನ ಹುಲ್ಲಿನಲ್ಲಿ ಉಣ್ಣೆ ಹುಳ (ಟಿಕ್) ಜಾಸ್ತಿ, ಲೈಮ್ ರೋಗ ಬರುವುದು ಅದರಿಂದಲೇ.

ವಯಸ್ಸಿನ ಗುಂಪುಗಳಿಗೆ ಬರೋಣ. ಲೆಕ್ಕ ಹಿಡಿಯುವುದು ಮಗು ಮುಗಿಸಿದ ತರಗತಿಯಿಂದಲ್ಲ, ಸೆಪ್ಟೆಂಬರಿನಲ್ಲಿ ಸೇರಲಿರುವ ತರಗತಿಯಿಂದ. ಅರ್ಜಿಯಲ್ಲಿ ಇದನ್ನು ತಪ್ಪು ತುಂಬಿದರೆ ಗೆಳೆಯರೆಲ್ಲ ಒಂದು ಗುಂಪು, ನಿಮ್ಮ ಮಗು ಇನ್ನೊಂದು. ಮೂರು-ನಾಲ್ಕು ವರ್ಷದವರಿಗೆ ಅರ್ಧ ದಿನ, ಡಯಪರ್ ಬಿಟ್ಟಿರಬೇಕು. ಆಮೇಲೆ ಕಿಂಡರ್‌ಗಾರ್ಟನ್, ಒಂದು-ಎರಡು, ಮೂರು-ನಾಲ್ಕು, ಐದು-ಆರು, ಏಳು-ಎಂಟು. ಒಂಬತ್ತು-ಹತ್ತನೇ ತರಗತಿಯವರು ತರಬೇತಿ ಕೌನ್ಸಿಲರ್‌ಗಳು. ಚಿಕ್ಕವರ ಒಂದೊಂದು ಚಟುವಟಿಕೆ ಇಪ್ಪತ್ತು-ಇಪ್ಪತ್ತೈದು ನಿಮಿಷ, ದೊಡ್ಡವರದ್ದು ಮುಕ್ಕಾಲು ಗಂಟೆ. ಡೇ ಕ್ಯಾಂಪಿಗೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಶನ್ ಹೇಳುವ ಪ್ರಮಾಣ ನೆನಪಿಟ್ಟುಕೊಳ್ಳಿ: ಐದು ವರ್ಷದವರೆಗೆ 6 ಮಕ್ಕಳಿಗೆ ಒಬ್ಬರು, 6ರಿಂದ 8 ವರ್ಷಕ್ಕೆ 8 ಮಕ್ಕಳಿಗೆ ಒಬ್ಬರು, 9ರಿಂದ 14ಕ್ಕೆ 10 ಮಕ್ಕಳಿಗೆ ಒಬ್ಬರು. ಕೇಳಬೇಕಾದ ಪ್ರಶ್ನೆ, ಹದಿನಾರು ವರ್ಷದ ಕೌನ್ಸಿಲರ್‌ಗಳನ್ನೂ ಆ ಲೆಕ್ಕಕ್ಕೆ ಸೇರಿಸಿದ್ದಾರಾ ಎಂದು.

ಎರಡೆರಡು ತರಗತಿ ಒಟ್ಟಿಗೆ ಸೇರಿಸುವುದು ಹೇಗೆ ಕೈಕೊಡುತ್ತದೆ ಎಂದು ತಿಳಿಯಲು ಗಾಗಾ ಎಂಬ ಚೆಂಡಾಟದ ಅಂಕಣದ ಪಕ್ಕ ನಿಲ್ಲಬೇಕು. ಎಂಟು ಮೂಲೆಯ ಅಂಕಣ, ಸುತ್ತ ಎರಡು-ಎರಡೂವರೆ ಅಡಿಯ ಹಲಗೆ ಗೋಡೆ, ಮೆತ್ತನೆಯ ಚೆಂಡು. ಚೆಂಡನ್ನು ಎಸೆದು, ಪುಟಿದಂತೆಲ್ಲ "ಗಾ, ಗಾ" ಎಂದು ಕೂಗಿ ಆಟ ಶುರು. ಅಂಗೈಯಲ್ಲಿ ಹೊಡೆಯಬೇಕು, ಹಿಡಿಯುವಂತಿಲ್ಲ. ಮಂಡಿಯಲ್ಲಿ ಅಥವಾ ಅದರ ಕೆಳಗೆ ತಗುಲಿದರೆ ಔಟ್, ಚೆಂಡು ಗೋಡೆ ದಾಟಿದರೆ ಕೊನೆಯಲ್ಲಿ ಮುಟ್ಟಿದವರು ಔಟ್. ಒಂದನೇ ತರಗತಿಯವರು ಎರಡನೆಯವರ ಜೊತೆ ಆಡಿದರೆ ಮೂವತ್ತು ಸೆಕೆಂಡಿನಲ್ಲಿ ಚಿಕ್ಕವರೆಲ್ಲ ಗೋಡೆಯ ಹೊರಗೆ ಕೂತಿರುತ್ತಾರೆ. ಬುದ್ಧಿವಂತ ಕೌನ್ಸಿಲರ್ ಔಟಾದವರನ್ನು ಮುಂದಿನ ವಿಕೆಟ್ ಬಿದ್ದೊಡನೆ ಒಳಗೆ ಬಿಡುತ್ತಾನೆ. ನೆಲ ಜಲ್ಲಿಯಾದರೆ ಗೆಣ್ಣು ತರಚುವುದು ಖಾತ್ರಿ, ರಬ್ಬರ್ ಹಾಸಿದ್ದರೆ ಪರವಾಗಿಲ್ಲ.

ಶುಕ್ರವಾರದ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಸಬ್ಬತ್ತಿನ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನದ ತಯಾರಿಗೆಂದು ಹಲ್ಲಾ ಬ್ರೆಡ್ ಹೆಣೆಯುತ್ತಾರೆ. ಮೈದಾ, ಯೀಸ್ಟ್, ಎಣ್ಣೆ, ಸಕ್ಕರೆ, ಉಪ್ಪು, ಮೊಟ್ಟೆ. ಹಾಲು-ಬೆಣ್ಣೆ ಹಾಕುವುದಿಲ್ಲ, ಮಾಂಸದೂಟದ ಜೊತೆಗೂ ನಡೆಯಬೇಕಲ್ಲ; ಯಹೂದಿ ಆಹಾರ ನಿಯಮದಲ್ಲಿ ಹಾಲು, ಮಾಂಸ ಒಟ್ಟಿಗೆ ಸೇರುವಂತಿಲ್ಲ. ಅಡುಗೆಮನೆಯವರು ಹಿಟ್ಟನ್ನು ಒಮ್ಮೆ ಉಬ್ಬಿಸಿಯೇ ತಂದುಕೊಡುತ್ತಾರೆ. ನಾಲ್ಕು ವರ್ಷದವರು ಹಾವಿನಂತೆ ಹೊಸೆದು ಸುರುಳಿ ಸುತ್ತುತ್ತಾರೆ, ಆರು ದಾಟಿದವರು ಮೂರು ಎಳೆಯ ಜಡೆ, ದೊಡ್ಡ ಹುಡುಗಿಯರು ಆರು ಎಳೆಗೂ ಕೈಹಾಕುತ್ತಾರೆ. ನಡುವಿನಿಂದ ಹೆಣೆಯಲು ಶುರುಮಾಡಿ ಎರಡೂ ತುದಿಗೆ ಹೋದರೆ ಸಮ ಬರುತ್ತದೆ. ಬಿಗಿಯಾಗಿ ಎಳೆದರೆ ಒಲೆಯಲ್ಲಿ ಉಬ್ಬುವಾಗ ಮಧ್ಯೆ ಸೀಳುತ್ತದೆ. ಆಮೇಲೆ ಮುಕ್ಕಾಲು ಗಂಟೆ ಇಟ್ಟು, 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅರ್ಧ ಗಂಟೆಯ ಒಳಗೆ ಬೆಂದಿರುತ್ತದೆ. 90 ಡಿಗ್ರಿ ಸೆಕೆಯ ದಿನ ಹಿಟ್ಟನ್ನು ಟೆಂಟಿನ ಕೆಳಗೆ ಬಿಟ್ಟರೆ ಅತಿಯಾಗಿ ಉಬ್ಬಿ, ಹುಳಿ ಹಿಡಿದು, ಚಪ್ಪಟೆಯಾಗಿ ಕೂರುತ್ತದೆ. ಮಧ್ಯಾಹ್ನ ಮೇಣದಬತ್ತಿ, ದ್ರಾಕ್ಷಿರಸ, ಹಾಡು. ಬಿಸಿ ಬಿಸಿ ಬ್ರೆಡ್ ಕಾಗದದ ಚೀಲದಲ್ಲಿ ಮನೆಗೆ. ಮೊಟ್ಟೆ ತಿನ್ನದ ಮನೆಯವರು ಮೊದಲೇ ತಿಳಿಸಿ. ಮೇಲೆ ಸವರುವ ಮೊಟ್ಟೆ ಬಿಡಬಹುದು, ಹಿಟ್ಟಿನೊಳಗಿನದ್ದು ಬಿಡಲಾಗದು.

ಊಟದ ಡಬ್ಬಿಯ ನಿಯಮ ನಮ್ಮವರಿಗೆ ಹೇಳಿ ಮಾಡಿಸಿದಂತಿದೆ: ಮನೆಯಿಂದ ಮಾಂಸ ತರುವಂತಿಲ್ಲ. ಆದರೆ ಕಡಲೆಕಾಯಿ, ಗೋಡಂಬಿ, ಬಾದಾಮಿ ಯಾವುದೂ ಬರಕೂಡದು. ಚಿತ್ರಾನ್ನಕ್ಕೆ ಕಡಲೆಬೀಜದ ಬದಲು ಕಡಲೆಬೇಳೆ ಜಾಸ್ತಿ ಹಾಕಿ, ಪುಳಿಯೋಗರೆ ಗೊಜ್ಜಿನ ಡಬ್ಬಿಯಲ್ಲಿ ಏನಿದೆ ಓದಿ. ಮೊಸರನ್ನಕ್ಕೆ ಬೆಳಿಗ್ಗೆ ಹಾಲು ಹೆಚ್ಚು, ಮೊಸರು ಒಂದೇ ಚಮಚ. ಐಸ್‌ಪ್ಯಾಕ್ ಇಟ್ಟರೂ ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ಬಿಸಿ ಮಾಡಿಕೊಡುವುದಿಲ್ಲ. ಇನ್ನೊಂದು ಎಚ್ಚರಿಕೆ: ಕೋಷರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವ ತಿನಿಸು, ಎಂದಮಾತ್ರಕ್ಕೆ ಸಸ್ಯಾಹಾರ ಅಲ್ಲ. ಡೈರಿ ಎಂದು ಗುರುತಿರುವುದರಲ್ಲಿ ಮಾಂಸ ಇರುವುದಿಲ್ಲ, ಸರಿ. ಆದರೆ ಪಾರ್ವೆ ಎಂದರೆ ಮಾಂಸವೂ ಇಲ್ಲ ಹಾಲೂ ಇಲ್ಲ ಅಷ್ಟೇ, ಮೊಟ್ಟೆ ಮೀನು ಇರಬಹುದು. ಬೆಂಕಿಯಲ್ಲಿ ಸುಟ್ಟು ತಿನ್ನಿಸುವ ಕೋಷರ್ ಮಾರ್ಷ್‌ಮ್ಯಾಲೊಗೆ ಸಾಮಾನ್ಯವಾಗಿ ಹಾಕುವುದು ಮೀನಿನ ಜೆಲಾಟಿನ್. ಇದನ್ನು ಕ್ಯಾಂಪಿನವರು ಹೇಳುವುದಿಲ್ಲ, ಅವರ ಪ್ರಕಾರ ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಇಲ್ಲಿಯವರೆಗೆ ಹೊಗಳಿಕೆ. ಐದು-ಆರನೇ ತರಗತಿಯ ಗುಂಪಿಗೆ ಬಂದರೆ ಬಣ್ಣ ಇಳಿಯುತ್ತದೆ. "ನಿಮ್ಮ ಆಯ್ಕೆಯ ಚಟುವಟಿಕೆ" ಎಂದು ಮೂರು ಇಷ್ಟಗಳನ್ನು ಬರೆಸಿಕೊಳ್ಳುತ್ತಾರೆ. ಬಿಲ್ಲುಗಾರಿಕೆಗೆ ಇರುವುದು ಕೆಲವೇ ಗುರಿಹಲಗೆ, ಕುಂಬಾರಿಕೆಗೆ ಕೆಲವೇ ಚಕ್ರ, ಹಾಗಾಗಿ ಮೂರನೇ ಇಷ್ಟವೇ ಗತಿ. ಫಾರಂ ತೆರೆದ ಮೊದಲ ದಿನವೇ ತುಂಬಿ, ಒಂದೇ ವಾರ ಬರುವವರಿಗಿಂತ ನಾಲ್ಕು ವಾರ ಬರುವವರಿಗೆ ಆದ್ಯತೆ ಇರುತ್ತದೆ. ಸೆಕೆ ಹೆಚ್ಚಾದರೆ ಚಿಕ್ಕವರಿಗೆ ಎಸಿ ಕೋಣೆಯಲ್ಲಿ ಕರಕುಶಲ, ದೊಡ್ಡವರಿಗೆ ಜಿಮ್ಮಿನಲ್ಲಿ ಸಿನಿಮಾ. ವಾರಕ್ಕೆ ಐನೂರು ಡಾಲರಿನ ಮೇಲೆ ತೆತ್ತು ಸಿನಿಮಾ ಯಾಕೆ? ಕೊನೆಯ ವಾರದ ಮಕಾಬಿಯಾ ಮಾತ್ರ ಈ ವಯಸ್ಸಿನವರಿಗೆ ಹಬ್ಬ: ಇಡೀ ಕ್ಯಾಂಪ್ ಎರಡು ಬಣ್ಣದ ತಂಡವಾಗಿ ಓಟ, ರಿಲೇ, ಹಗ್ಗಜಗ್ಗಾಟ, ಘೋಷಣೆ. ತಂಡ ಯಾವುದೆಂದು ಹಿಂದಿನ ದಿನ ತಿಳಿಯುತ್ತದೆ, ನೀಲಿ ಒಂದು ಬಿಳಿ ಒಂದು ಟೀಶರ್ಟ್ ಮನೆಯಲ್ಲಿರಲಿ.

ತರಬೇತಿ ಕೌನ್ಸಿಲರ್ ಯೋಜನೆಯಂತೂ ನನಗೆ ಹಿಡಿಸಲಿಲ್ಲ. ಹದಿನಾಲ್ಕು-ಹದಿನೈದರ ಮಕ್ಕಳು ಚಿಕ್ಕವರ ಶೂ ಕಟ್ಟಿ, ಟೇಬಲ್ ಒರೆಸಿ, ಅದಕ್ಕೆ ತಾವೇ ಶುಲ್ಕ ಕಟ್ಟಬೇಕು. ವಾರಕ್ಕೆ ಇಷ್ಟು ಗಂಟೆ ತರಬೇತಿ ಎಂದು ಬರಹದಲ್ಲಿ ಕೊಟ್ಟರೆ ಮಾತ್ರ ಒಪ್ಪಿಕೊಳ್ಳಿ.

ಸಂಪ್ರದಾಯಸ್ಥರ ಕ್ಯಾಂಪುಗಳು ಅಗ್ಗ ಎಂದು ಕೆಲವರು ಅತ್ತ ನೋಡುತ್ತಾರೆ. ಖಬಾದ್ ಪಂಥದ ಗಾನ್ ಇಸ್ರೇಲ್ ಹೆಸರಿನ ಕ್ಯಾಂಪುಗಳು 1956ರಿಂದ ಇವೆ, ಈಗ ಅನೇಕ ದೇಶಗಳಲ್ಲಿ ನಡೆಯುತ್ತವೆ. ಅವು ಮೂಲತಃ ಯಹೂದಿ ಮಕ್ಕಳಿಗಾಗಿಯೇ ಇರುವುದು. ಅಂಥ ಕಡೆ ಹುಡುಗ-ಹುಡುಗಿಯರಿಗೆ ಬೇರೆ ಬೇರೆ ಈಜಿನ ಹೊತ್ತು, ಡಬ್ಬಿಗೆ ಇನ್ನೂ ಕಟ್ಟುನಿಟ್ಟು, ಶುಕ್ರವಾರ ಬೇಗ ಬಿಡುವುದೂ ಉಂಟು. ಯಹೂದಿ ಪಂಚಾಂಗದ ಅವ್ ಮಾಸದ ಮೊದಲ ಒಂಬತ್ತು ದಿನ, 2026ರಲ್ಲಾದರೆ ಜುಲೈ 15ರಿಂದ 23, ಶೋಕದ ದಿನಗಳು. ಆಗ ಮೋಜಿನ ಈಜು, ವಾದ್ಯಸಂಗೀತ, ಮಾಂಸ ಬಿಡುತ್ತಾರೆ; ಈಜಿನ ಪಾಠವನ್ನು ಕೆಲವೆಡೆ ಮುಂದುವರಿಸುತ್ತಾರೆ. ಹದಿಮೂರರೊಳಗಿನ ಹುಡುಗರು, ಹನ್ನೆರಡರೊಳಗಿನ ಹುಡುಗಿಯರು ಒಂಬತ್ತನೇ ದಿನದ ಉಪವಾಸ ಮಾಡಬೇಕಿಲ್ಲ.

ಕರೆದುಕೊಂಡು ಬರುವ ವಿಷಯಕ್ಕೆ ಬಂದರೆ, ಭದ್ರತೆ ಬಿಗಿ. ಗೇಟಿನಲ್ಲಿ ಕಾವಲು, ಕಾರಿನ ಗಾಜಿಗೆ ನಂಬರಿನ ಚೀಟಿ, ಫೋಟೊ ಗುರುತುಪತ್ರ. ಬೇಸಿಗೆಗೆಂದು ಮೈಸೂರಿನಿಂದ ಬಂದ ಅಜ್ಜಿ-ತಾತ ನಡೆದುಹೋಗಿ ಕರೆತರುತ್ತೇವೆಂದರೆ ಆಗದು. ಅವರ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಪಟ್ಟಿಗೆ ಮೊದಲೇ ಸೇರಿಸಿರಬೇಕು.

ದುಡ್ಡಿನ ಲೆಕ್ಕ: ಹದಿಮೂರು ತುಂಬದ ಮಗುವಿನ ಡೇ ಕ್ಯಾಂಪ್ ಶುಲ್ಕವನ್ನು, ಅಪ್ಪ-ಅಮ್ಮ ಇಬ್ಬರೂ ದುಡಿಯುತ್ತಿದ್ದರೆ, ಕಂಪನಿಯ ಡಿಪೆಂಡೆಂಟ್ ಕೇರ್ ಖಾತೆಯಿಂದ (ಮಕ್ಕಳ ಆರೈಕೆಗೆಂದು ಸಂಬಳದಲ್ಲಿ ತೆಗೆದಿಡುವ ಖಾತೆ) ತೆರಿಗೆಯಿಲ್ಲದ ಹಣದಲ್ಲಿ ಕಟ್ಟಬಹುದು. ಮನೆಗೆ ವರ್ಷಕ್ಕೆ 5,000 ಡಾಲರ್ ಇದ್ದ ಮಿತಿ 2026ರಿಂದ 7,500 ಆಗಿದೆ. ರಾತ್ರಿ ಉಳಿಯುವ ಕ್ಯಾಂಪಿಗೆ ಈ ಸೌಲಭ್ಯ ಇಲ್ಲ. ಕ್ಯಾಂಪಿನ ತೆರಿಗೆ ಗುರುತಿನ ಸಂಖ್ಯೆಯನ್ನು ರಸೀದಿಯಲ್ಲೇ ಬರೆಸಿಕೊಳ್ಳಿ, ಮಾರ್ಚಿನಲ್ಲಿ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಕಿಂಡರ್‌ಗಾರ್ಟನಿನಿಂದ ನಾಲ್ಕನೇ ತರಗತಿಯವರೆಗೆ ಎಷ್ಟು ವಾರ ಕೈಗೆಟಕುತ್ತದೋ ಅಷ್ಟೂ ಹಾಕಿ. ಐದರ ಮೇಲಿನವರಿಗೆ ಮಕಾಬಿಯಾ ಬರುವಂತೆ ಕೊನೆಯ ಎರಡು ವಾರ ಸಾಕು, ಉಳಿದ ದಿನಗಳಿಗೆ ಊರಿನ ಮುನಿಸಿಪಲ್ ಕೊಳದ ಸೀಸನ್ ಪಾಸ್ ತಗೊಳ್ಳಿ.