ಬೇಸಿಗೆಗೆ ಮುಂಚೆ ಎಸಿ ಸರ್ವಿಸ್: ತೊಳೆದಿದ್ದು ಸೂಪರ್, ಗ್ಯಾಸ್ ಮಾತಿಗೆ ಮಾತ್ರ ಹುಷಾರು

ನಮ್ಮನೇದು ಸ್ಪ್ಲಿಟ್ ಇನ್ವರ್ಟರ್ ಎಸಿ, ಚಳಿಗಾಲ ಪೂರ್ತಿ ಸುಮ್ನೆ ಬಿದ್ದಿತ್ತು, ಸೆಖೆ ಶುರು ಆಗೋ ಮುಂಚೆ ಒಂದು ಆ್ಯಪ್‌ನಲ್ಲಿ (ಹೆಸರು ಬೇಡ ಬಿಡಿ) ವೆಟ್ ಸರ್ವಿಸ್ (ನೀರು ಹೊಡೆದು ತೊಳೆಯೋದು) ಬುಕ್ ಮಾಡಿದ್ವಿ. ಐದಕ್ಕೆ ಮೂರೂವರೆ ಸ್ಟಾರ್.

ತೊಳೆಯೋ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಬಂದ ಹುಡುಗ ಮೊದಲು ಎಸಿ ಆನ್ ಮಾಡಿ ಕೂಲಿಂಗ್ ನೋಡ್ದ, ಆಮೇಲೆ ಎಂಸಿಬಿ (ಕರೆಂಟ್ ಕಟ್ ಮಾಡೋ ಸ್ವಿಚ್) ಆಫ್ ಮಾಡಿ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ (ಪಿಸಿಬಿ) ನೀರು ತಾಗದಂಗೆ ಪ್ಲಾಸ್ಟಿಕ್ ಸುತ್ತಿ, ಕೆಳಗೆ ಕವರ್ ಕಟ್ಟಿ ಜೆಟ್ ಪಂಪಲ್ಲಿ ಶುರು ಹಚ್ಕೊಂಡ. ಫಿಲ್ಟರ್ ನಾವೇ ಆಗಾಗ ತೊಳೀತೀವಿ, ಅದೇನ್ ದೊಡ್ಡ ವಿಷ್ಯ ಅಲ್ಲ. ಆದ್ರೆ ಕಾಯಿಲ್ (ಗಾಳಿ ತಣ್ಣಗೆ ಮಾಡೋ ಪೈಪ್ ಸಾಲು) ಹಿಂದೆ ಉದ್ದಕ್ಕೆ ಬ್ಲೋವರ್, ಅಂದ್ರೆ ಗಾಳಿ ತಳ್ಳೋ ಫ್ಯಾನ್ ಇರುತ್ತಲ್ಲ, ಅದರ ರೆಕ್ಕೆ ಸಂದಿಯಿಂದ ಇಳಿದ ಕರೀ ನೀರು ನೋಡ್ಬೇಕಿತ್ತು, ದೇವ್ರೇ, ಇಷ್ಟು ದಿನ ಇದರ ಗಾಳೀನಾ ನಾವು ಕುಡೀತಿದ್ದಿದ್ದು! ಅಲ್ಲಿ ಧೂಳು ಕಟ್ಕೊಂಡ್ರೆ ಗಾಳಿ ಕಮ್ಮಿ ಆಗುತ್ತೆ, ವಾಸ್ನೆ ಬರುತ್ತೆ, ಗಾಳಿ ತೀರಾ ಕಮ್ಮಿ ಆದ್ರೆ ಕಾಯಿಲ್ ಮೇಲೆ ಐಸೇ ಕಟ್ಟುತ್ತೆ. ಡ್ರೈನ್ ಪೈಪಿಗೂ ನೀರು ಬಿಟ್ಟು ಹೊರಗೆ ಸರಿಯಾಗಿ ಬೀಳುತ್ತಾ ಅಂತ ಚೆಕ್ ಮಾಡ್ದ. ಗೋಡೆ ಮೇಲೆ ನೀರು ಸೋರೋ ಕೇಸ್ ಬಹಳಷ್ಟು ಸಲ ಈ ಪೈಪ್ ಬ್ಲಾಕ್ ಆಗಿದ್ದಕ್ಕೇ.

ಔಟ್‌ಡೋರ್ ಯೂನಿಟ್ ಹತ್ರ ಸ್ವಲ್ಪ ಅವಸರ ಮಾಡ್ದ. ಜೆಟ್ ತೀರಾ ಹತ್ರ ಹಿಡಿದು ಓರೆಯಾಗಿ ಹೊಡೆದ್ರೆ ಆ ತೆಳ್ಳನೆ ಅಲ್ಯೂಮಿನಿಯಂ ಫಿನ್ಸ್ ಮಡಚ್ಕೊಂಡು ಗಾಳಿ ಹೋಗೋ ಜಾಗಾನೇ ಮುಚ್ಚಿಹೋಗುತ್ತೆ, ಹೇಳಿದ್ಮೇಲೆ ದೂರ ಹಿಡಿದ. ಅರ್ಧ ಸ್ಟಾರ್ ಕಟ್.

ಇನ್ನು ಗ್ಯಾಸ್ ಕಥೆ. ಎಲ್ಲಾ ಮುಗಿದ್ಮೇಲೆ "ಸರ್ ಗ್ಯಾಸ್ ಕಮ್ಮಿ ಇದೆ, ಟಾಪಪ್ ಮಾಡ್ಬಿಡ್ಲಾ?" ಅಂದ. ಗ್ಯಾಸ್ ಪ್ರೆಷರ್ ನೋಡೋ ಗೇಜ್ ಇನ್ನೂ ಬ್ಯಾಗಲ್ಲೇ ಇದೆ! ಎಸಿ ಗ್ಯಾಸ್ ಬಳಸ್ತಾ ಬಳಸ್ತಾ ಖಾಲಿ ಆಗೋದಕ್ಕೆ ಅದೇನು ಅಡುಗೆ ಸಿಲಿಂಡರ್ರಾ, ಸೀಲ್ ಆಗಿರೋ ಪೈಪಲ್ಲಿ ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತ ಅರ್ಥ, ಪೈಪ್ ಸೇರೋ ಫ್ಲೇರ್ ಜಾಯಿಂಟ್‌ಗೆ ಸೋಪ್ ನೀರು ಹಚ್ಚಿನೋ ನೈಟ್ರೋಜನ್ ಪ್ರೆಷರ್ ಹಾಕಿನೋ ಲೀಕ್ ಹುಡುಕಿ ಸರಿ ಮಾಡಿ, ಪೈಪ್ ಒಳಗಿನ ಗಾಳಿ ಎಲ್ಲಾ ಪಂಪಲ್ಲಿ ಎಳೆದು (ವ್ಯಾಕ್ಯೂಮ್), ಆಮೇಲೆ ನೇಮ್ ಪ್ಲೇಟಲ್ಲಿ ಬರೆದಿರೋ ಗ್ರಾಂ ಲೆಕ್ಕದಲ್ಲಿ ತೂಕ ಮಾಡಿ ತುಂಬಬೇಕು. ನಮ್ದು ಆರ್-32 ಅನ್ನೋ ಗ್ಯಾಸ್, ಹಳೇ ಎಸಿಗಳ ಆರ್-22 ಗ್ಯಾಸಿನ ಪ್ರೆಷರ್ ಲೆಕ್ಕ ಇದಕ್ಕೆ ನಡೆಯಲ್ಲ. ಸಾಲದ್ದಕ್ಕೆ ಇನ್ವರ್ಟರ್‌ನಲ್ಲಿ ಕಂಪ್ರೆಸರ್ ಸ್ಪೀಡೇ ಬದಲಾಗ್ತಾ ಇರುತ್ತೆ, ಗೇಜ್ ಹಾಕಿದ್ರೂ ಒಂದು ಸಲ ಇಣುಕಿ ನೋಡಿ ತೀರ್ಪು ಕೊಡಕ್ಕಾಗಲ್ಲ.

"ಟೆಂಪರೇಚರ್ ನೋಡೋಣ ತಡೀರಿ" ಅಂತ ಥರ್ಮಾಮೀಟರ್ ತಂದೆ. ಫುಲ್ ಸ್ಪೀಡಲ್ಲಿ ಸ್ವಲ್ಪ ಹೊತ್ತು ಓಡಿಸಿದ್ಮೇಲೆ ಮೇಲಿಂದ ಒಳಗೆ ಹೋಗೋ ಗಾಳಿ 28 ಡಿಗ್ರಿ, ಕೆಳಗಿಂದ ಬರೋದು 16. 12 ಡಿಗ್ರಿ ಇಳೀತಾ ಇದೆ, ಕೂಲಿಂಗ್ ಆರಾಮಾಗಿದೆ. "ಸರಿ ಸರ್, ಈಗ್ಲೇ ಬೇಡ ಬಿಡಿ" ಅಂದ. ಈಗ್ಲೇ ಅಂತೆ! ಇದಕ್ಕೆ ಒಂದೂವರೆ ಸ್ಟಾರ್ ಕಟ್.

ಹಾಗಾದ್ರೆ ಮೂರೇ ಆಗ್ಬೇಕಿತ್ತಲ್ಲ ಅಂತೀರಾ, ಅವ್ನು ಹೋದ್ಮೇಲೆ ಔಟ್‌ಡೋರ್ ಗ್ರಿಲ್ ಗರಗರ ಅಂತಿತ್ತು, ಫೋನ್ ಮಾಡಿದ್ದಕ್ಕೆ ಅವತ್ತೇ ವಾಪಸ್ ಬಂದು ಸ್ಕ್ರೂ ಟೈಟ್ ಮಾಡಿ ಒಂದು ಪೈಸೆ ಕೇಳ್ದೆ ಹೋದ, ಆ ಅರ್ಧ ಅದಕ್ಕೆ.